ಒರೆಸಿದ ವಿಭೂತಿ

ಶೈಲಾ, ಫೋಟೊಗಳನ್ನೆಲ್ಲ ತುಂಬಿಟ್ಟಿದ್ದ ಆ ಡಬ್ಬಿಯನ್ನು ಕೆಡಿಸಿದವಳು ನಾನು. ನಿನ್ನ ಗಂಡನಲ್ಲ — ನಿನ್ನ ಅತ್ತೆ.

ನಿನ್ನೆ ಎರಡನೇ ಮೊಮ್ಮಗಳು ಮನೆಗೆ ಬಂದಳು. ಬಾಣಂತನ ಮಾಡುವ ತಾಯಿ ನಿನಗಿಲ್ಲ, ಅದಕ್ಕೇ ಆಸ್ಪತ್ರೆಯಿಂದ ನೇರ ಸವಳಂಗದ ನಮ್ಮ ಮನೆಗೇ ಕರೆತಂದೆವು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಅಷ್ಟು ಸಂತೋಷ. ಬಸ್ ಸ್ಟ್ಯಾಂಡಿನ ಹೂವಿನವಳಿಗೂ ಹೇಳಿ ಬಂದೆ — ಗದ್ದದ ಮೇಲೆ ಗುಳಿ ಐತೆ ಕಣೇ, ಜಗಳೂರಿನ ನಮ್ಮ ಬೀಗಿತ್ತಿದೇ ಗುಳಿ, ಅಂತ.

ಆ ಗುಳಿಯನ್ನೇ ಮುಟ್ಟುತ್ತಾ ನೀನೊಂದು ಮಾತಾಡಿದೆ. ಈ ಮಗಳ ಫೋಟೊಗಳಿಗೂ ಮನೆಯಲ್ಲೇ ಒಂದು ಸರ್ವರ್, ಅಂಥದೇ ಇನ್ನೊಂದು ಡಬ್ಬಿ, ಕೂರಿಸಲೇ ಎಂದು ನನ್ನ ಮಗ ಮಂಜ ಕೇಳಿದ್ದಕ್ಕೆ ನಿನ್ನ ಉತ್ತರ ಅದು.

“ನಿಮ್ ಡಬ್ಬಿ ನಂಬಿ ನಮ್ಮವ್ವನ ದನಿ ಕಳಕೊಂಡೆ. ಈ ಕೂಸಿಂದೆಲ್ಲಾ ಕ್ಲೌಡ್‌ಗೇ ಹೋಗ್ಲಿ. ನೀವು ಕೈ ಹಾಕಬ್ಯಾಡ್ರಿ.”

ಅವನು ತಲೆ ತಗ್ಗಿಸಿ ಹೊರಗೆ ಹೋದ. ನಾನು ಬಿಸಿನೀರು ಕಾಯಿಸುವ ನೆಪದಲ್ಲಿ ಒಳಗೆ ಹೋದೆ.

ಮೊದಲ ಮಗಳು ಗೌರಿ ಹುಟ್ಟಿದಾಗಲೂ ನೀನು ಕ್ಲೌಡೇ ಇರಲಿ ಅಂದಿದ್ದೆ. ನ್ಯಾಮತಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ಮಂಜ, ಹಳೆಯ ಕಂಪ್ಯೂಟರಿನ ಸಾಮಾನು ಜೋಡಿಸಿ ತಾನೇ ಡಬ್ಬಿ ಮಾಡಿದ. ನಾನು ಅವನ ಪರ ನಿಂತೆ. “ಕೂಸಿನ ಫೋಟೊ ಮೋಡಕ್ಕೆ ಏರಿಸಿದ್ರೆ ಕಂಡೋರ ಕಣ್ಣು ಬೀಳ್ತೈತೆ. ಮನೇದು ಮನೇಲೇ ಇರ್ಲಿ” ಅಂದೆ. ಮೂರನೇ ಕ್ಲಾಸಿನ ಬುದ್ಧಿ — ಆಕಾಶದಲ್ಲಿ ನೇತುಹಾಕುತ್ತಾರೆಂದೇ ತಿಳಿದಿದ್ದೆ. ನನ್ನ ಮಾತಿಗೆ ನೀನು ಒಪ್ಪಿದೆ. ಫೋನು ತುಂಬಿತೆಂದು ಎಲ್ಲವನ್ನೂ ಡಬ್ಬಿಗೆ ಹಾಕಿ ಫೋನಿನಿಂದ ಅಳಿಸಿದೆ. ನಿನ್ನ ಅವ್ವ ಗೌರಿಗೆ ಹಾಡಿದ ಜೋಗುಳವೂ ಅದರಲ್ಲಿತ್ತು.

ಆಯುಧಪೂಜೆಯ ಬೆಳಿಗ್ಗೆ ನೀವಿಬ್ಬರೂ ಅಂಗಡಿಗೆ ಹೋಗಿದ್ದಿರಿ. ಕುಡುಗೋಲು, ಮಿಕ್ಸಿ, ಹೊಲಿಗೆ ಮಷಿನ್ — ಎಲ್ಲಕ್ಕೂ ವಿಭೂತಿ ಹಚ್ಚಿದೆ. ಡಬ್ಬಿ ಕಣ್ಣಿಗೆ ಬಿತ್ತು. ಹಗಲೂ ರಾತ್ರಿ ಗುಂಯ್ ಎನ್ನುತ್ತಾ ನಮ್ಮ ಕೂಸನ್ನು ಕಾಯುವುದು, ಅದಕ್ಕೆ ಪೂಜೆ ಬೇಡವೇ? ಒದ್ದೆ ಬಟ್ಟೆಯಲ್ಲಿ ಒರೆಸಿದೆ. ವಿಭೂತಿಯನ್ನು ನೀರಲ್ಲಿ ಕಲಸಿ ಅದರ ನೆತ್ತಿಗೆ ಮೂರು ಪಟ್ಟೆ ಎಳೆದೆ — ಗಾಳಿಯಾಡುವ ತೂತುಗಳ ಮೇಲೆಯೇ. ನೀರು ಒಳಗಿಳಿಯಿತು. ಚಟ್ ಎಂದಿತು. ಡಬ್ಬಿಯ ಪುಟ್ಟ ದೀಪ ಆರಿತು.

ಆಮೇಲೆ ಮಾಡಿದ್ದೇ ದೊಡ್ಡ ತಪ್ಪು. ಬರಿಹಣೆಯಲ್ಲಿ ಒಂದು ದಿನವೂ ಇರದ ನಾನು, ಶಿವನ ವಿಭೂತಿಯನ್ನು ಸೆರಗಿನಿಂದ ಒರೆಸಿ ಹಾಕಿದೆ. ಹಚ್ಚಿದ್ದು ಭಕ್ತಿ. ಒರೆಸಿದ್ದು, ನಿಮಗೆ ಗೊತ್ತಾಗದಿರಲೆಂದು.

ಶಿವಮೊಗ್ಗದ ರಿಪೇರಿಯವರೂ ಕೈಚೆಲ್ಲಿದರು. ತಾನು ಹಾಕಿದ ಹಳೆಯ ಡಿಸ್ಕೇ ಸುಟ್ಟಿರಬೇಕೆಂದು ಮಂಜ ತಪ್ಪೊಪ್ಪಿಕೊಂಡ. ನೀನು ಅವನ ಜೊತೆ ಮಾತು ಬಿಟ್ಟೆ. ಇಬ್ಬರಿಗೂ ಮುದ್ದೆ ಬಡಿಸುತ್ತಾ ನಾನು ಸುಮ್ಮನಿದ್ದೆ. ನಿನ್ನ ಅವ್ವ ತೀರಿಕೊಂಡು, ನೀನು ಆ ದನಿ ಹುಡುಕಿ ಅತ್ತಾಗಲೂ — ಸುಮ್ಮನಿದ್ದೆ.

ಇಷ್ಟು ಸಾಕು. ಅಕ್ಷರ ಕೂಡಿಸಿ ಕೂಡಿಸಿ ಬರೆದ ಇದನ್ನು ನಿನ್ನ ಕೈಗೆ ಕೊಡುತ್ತೇನೆ; ಸಂಜೆ ಮಂಜನ ಎದುರಿಗೂ ಬಾಯಿಬಿಟ್ಟು ಹೇಳುತ್ತೇನೆ. ಮನೆಯಲ್ಲಿಡುವುದೋ, ಕ್ಲೌಡಿಗೆ ಹಾಕುವುದೋ, ಎರಡು ಕಡೆಯೂ ಇಡುವುದೋ — ಅದು ನಿಮ್ಮಿಬ್ಬರ ತೀರ್ಮಾನ. ದೃಷ್ಟಿಯ ಮಾತು ನಾನಿನ್ನು ಎತ್ತುವುದಿಲ್ಲ. ಆದರೆ ಡಬ್ಬಿ ಬೇಡವೆನ್ನುವುದಾದರೆ ನನ್ನ ಹೆಸರು ಹೇಳಿ ಬೇಡವೆನ್ನು, ಅವನದಲ್ಲ.

ಆಮೇಲೆ ಕೂಸನ್ನು ನನ್ನ ಮಡಿಲಿಗೆ ಕೊಡುವುದೂ ಬಿಡುವುದೂ ನಿನಗೆ ಸೇರಿದ್ದು. ನೀನು ಏನೇ ಅಂದರೂ ಕೇಳಿಸಿಕೊಳ್ಳುತ್ತೇನೆ. ಈ ಸಲ ಏನನ್ನೂ ಒರೆಸುವುದಿಲ್ಲ.