ಕಚ್ಚಿ ಕುಡಿದ ಲೋಟ

ಕುಂದಾಪುರದ ಆಸ್ಪತ್ರೆಯೊಂದರಲ್ಲಿ ಒಂದು ಲೋಟ ನೀರು ನನ್ನ ಹಳೆಯ ಮಡಿಯನ್ನು ಹೇಗೆ ಮುರಿಯಿತು, ಹೇಳ್ತೆ ಕೇಳಿ. ಸಣ್ಣದೊಂದು ಪಾರ್ಶ್ವವಾಯು ಬಂದು ಹೋಗಿತ್ತು. ಕೈಕಾಲು ಸುಧಾರಿಸಿದ್ದವು, ಗಂಟಲು ಮಾತ್ರ ಸೋಮಾರಿಯಾಗಿತ್ತು. ನುಂಗುವುದನ್ನು ಪರೀಕ್ಷಿಸುವ ಹುಡುಗಿ ಮೈಸೂರು ಕಡೆಯವಳು. ನೀರು ಕೊಟ್ಟು, "ಕುಡೀರಿ ಸರ್" ಎಂದಳು. ನಾನು ಎಂದಿನಂತೆ ಕತ್ತೆತ್ತಿ ಮೇಲಿನಿಂದ ಹೊಯ್ದುಕೊಂಡೆ. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು ಬಂತು. ಮತ್ತೊಮ್ಮೆ ಹೊಯ್ದುಕೊಂಡರೂ ಅದೇ ಕೆಮ್ಮು.

"ಹೀಗಾದ್ರೆ ಮೂಗಿನಿಂದ ನಳಿಕೆ ಹಾಕಿ ಊಟ ಕೊಡ್ಬೇಕಾಗುತ್ತೆ" ಎಂದಳು.

ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಕೆಮ್ಮದೆ ಎಂತ ಮಾಡೂದ್ ಮಗಾ? ಇವ್ರ್ ಲೋಟ ಕಚ್ಚಿ ಕುಡ್ದದ್ದೇ ಇಲ್ಲೆ. ಎಂಜಲ್ ಅಂಬ್ರ್."

ಹುಡುಗಿ ನಕ್ಕಳು. "ಸರ್, ಗಂಟಲಲ್ಲಿ ಗಾಳಿಯ ಕೊಳವೆ ಮುಂದೆ, ಅನ್ನದ ಕೊಳವೆ ಹಿಂದೆ. ನುಂಗುವಾಗ ಗಾಳಿಯ ದಾರಿಗೆ ಮುಚ್ಚಳ ಬೀಳ್ಬೇಕು. ನಿಮ್ಮದು ಈಗ ನಿಧಾನ. ಕತ್ತೆತ್ತಿ ಹೊಯ್ದರೆ ಅದು ಮುಚ್ಚೋ ಮೊದಲೇ ನೀರು ಒಳಗೆ ಹೋಗುತ್ತೆ. ಗದ್ದ ಎದೆಯ ಕಡೆ ಬಗ್ಗಿಸಿ, ಲೋಟ ಕಚ್ಚಿ, ಒಂದೊಂದೇ ಗುಟುಕು ಕುಡೀರಿ."

"ಎಷ್ಟ್ ಜನ ಕಚ್ಚಿದ ಲೋಟವೋ" ಎಂದು ಗೊಣಗಿದೆ.

"ಮೂಗಿಗೆ ನಳಿಕೆ ಬೇಕಾ, ಲೋಟದ ಎಂಜಲ್ ಬೇಕಾ? ಬೇಗ ಹೇಳಿ" ಎಂದಳು ಹೆಂಡತಿ.

ಕಚ್ಚಿದೆ. ಗಂಟಲಗಂಟಿನ ಮೇಲೆ ಬೆರಳಿಟ್ಟುಕೊಂಡಿದ್ದೆ. ಅದು ಮೇಲೆದ್ದು ಇಳಿಯಿತು, ಕೆಮ್ಮು ಬರಲಿಲ್ಲ. ಇಷ್ಟು ವರ್ಷ ಉಂಡರೂ ಅದರ ಪರಿಚಯವೇ ಆಗಿರಲಿಲ್ಲ ನೋಡಿ. ನಳಿಕೆ ತಪ್ಪಿತು, ಸಂಜೆ ಬಾಯಲ್ಲೇ ಗಂಜಿ ಉಂಡೆ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಜನ ಖಾಲಿ ಹೊಟ್ಟೆಗೆ ಕತ್ತೆತ್ತಿ ಕಹಿ ಕಷಾಯ ಹೊಯ್ದುಕೊಳ್ಳುವ ದಿನವೇ ನಾನು ಗದ್ದ ಬಗ್ಗಿಸಲು ಕಲಿತದ್ದು: ಆಷಾಢದ ಅಮಾವಾಸ್ಯೆ, ನಮ್ಮ ಆಸಾಡಿ ಅಮಾಸಿಯಂದು.