ಎರೆ ಬಯಲಿನ ಸರಾಯಿ, ಬಾನುಬೀಯ ನಿದ್ದೆ

ತಹಶೀಲ್ದಾರರು ಕಾಲು ತೊಳೆದುಕೊಳ್ಳಲು ಜಗಲಿಯ ಅಂಚಿನಲ್ಲಿ ಕೂತಿದ್ದರು. ಬಾನುಬೀ ಚೆಂಬಿನಿಂದ ನೀರು ಹೊಯ್ಯುತ್ತ ನಿಂತಲ್ಲೇ ತೂಕಡಿಸಿದಳು. ಪಾದದ ಮೇಲೆ ಬೀಳಬೇಕಾದ ನೀರು ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಬೂಟಿನೊಳಗೆ ಬಿದ್ದು, ತುಂಬಿ, ಹೊರಗೂ ಹರಿಯಿತು.

“ಬಾನೂ, ಅದು ಸಾಹೇಬ್ರ ಬೂಟು ಲೇ, ಎತ್ತಿನ ಬಾನಿ ಅಲ್ಲ,” ಎಂದ ಗಂಡ ಖಾದರಸಾಬ್.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಂಡಿದಾರಿಯಲ್ಲಿ, ಮೋಕ ದಾಟಿದ ಮೇಲೆ, ಎರೆ ಬಯಲಿನ ನಡುವೆ ಇದ್ದದ್ದು ಇವರದೊಂದೇ ಸರಾಯಿ. ಕುಡಿಯುವ ಸರಾಯಿಯಲ್ಲ, ದಾರಿಹೋಕರು ತಂಗುವ ಮನೆ. ಅಲ್ಲಿ ತೂರಾಡುತ್ತಿದ್ದವಳು ಬಾನುಬೀ ಒಬ್ಬಳೇ, ಅದೂ ನಿದ್ದೆಗೆಟ್ಟು. ಖಾದರಸಾಬನ ಅಜ್ಜ ಇದನ್ನು ಕಟ್ಟಿದ ದಿನವೇ ಬಾಗಿಲಿನ ಅಗಳಿ ಕಿತ್ತು ಹಗರಿ ಹೊಳೆಗೆ ಎಸೆದಿದ್ದನಂತೆ, ಬಂದವರಿಗೆ ಈ ಬಾಗಿಲು ಮುಚ್ಚಬಾರದೆಂದು. ಅಂದಿನಿಂದ ಮುಚ್ಚಿಲ್ಲ. ಮಳೆ ಬಿದ್ದರೆ ಎರೆಮಣ್ಣು ಹಿಡಿದ ಗಾಲಿ ಬಿಡದು. ಹತ್ತಿ ಬಂಡಿಯವರು ಹೊತ್ತುಗೊತ್ತಿಲ್ಲದೆ ಬಂದು ನೇರ ಒಳಗೆ ನುಗ್ಗುತ್ತಿದ್ದರು. ತಮ್ಮವರಿಗೆ ರೊಟ್ಟಿ ಸುಡಬೇಕು. ಬೇರೆಯವರಿಗೆ ಒಲೆ, ಕಟ್ಟಿಗೆ, ಹಿಟ್ಟು ಕೊಡಬೇಕು. ಎತ್ತುಗಳಿಗೆ ಜಾತಿಯಿಲ್ಲ, ನೀರಿಟ್ಟರೆ ಸಾಕು. ಅಜ್ಜನ ಮಾತು ಉಳಿಸಿದ ಹೆಸರು ಖಾದರಸಾಬನದು, ಎದ್ದು ಉಳಿಸಿದವಳು ಹೆಂಡತಿ. ಮದುವೆಯಾಗಿ ಬಂದ ಮೇಲೆ ಅವಳು ಒಂದು ರಾತ್ರಿಯೂ ಪೂರ್ತಿ ಮಲಗಿದ್ದಿಲ್ಲ.

ಈ ಮನೆತನದ ಕೀರ್ತಿ ಕೇಳಿ, ಸರ್ಕಾರದಿಂದ ಏನಾದರೂ ಮಾಡಿಸೋಣವೆಂದು ತಹಶೀಲ್ದಾರರು ಬಂದಿದ್ದರು. ಖಾದರಸಾಬ್ ಹಿಂದಿನ ದಿನವೇ ಹೆಂಡತಿಗೆ ಪಾಠ ಹೇಳಿದ್ದ: ಕೇಳಿದರೆ ಕಲ್ಲು ಕೇಳಬೇಕು. ಕುರುಗೋಡಿನ ಗುಡ್ಡದ ಕಲ್ಲು, ಅದರ ಮೇಲೆ ಅಜ್ಜನ ಹೆಸರು, ಬಾಗಿಲ ಪಕ್ಕ ನಿಲ್ಲಿಸುವುದಕ್ಕೆ.

ಬೂಟಿನ ನೀರು ಚೆಲ್ಲಿ ಬಿಸಿಲಿಗಿಟ್ಟರು. ಅದು ಒಣಗುವತನಕ ಖಾದರಸಾಬ್ ಅಜ್ಜನ ಕಥೆ ಹೇಳಿದ. ಕೊನೆಗೆ ಬೂಟು ಒಣಗಿತು, ತಹಶೀಲ್ದಾರರ ಕಣ್ಣು ಒದ್ದೆಯಾಯಿತು. ಇಂಥ ಬಾಗಿಲು ಈ ಸೀಮೆಯಲ್ಲೇ ಇನ್ನೊಂದಿಲ್ಲವೆಂದು ಹೊಗಳಿ, ಅವರು ಬಾನುಬೀಯ ಕಡೆ ತಿರುಗಿದರು.

“ಈ ಬಾಗಲಕ್ಕ ಸರ್ಕಾರ ಏನು ಮಾಡಬೇಕು? ನೀನ ಹೇಳವ್ವ.”

ಖಾದರಸಾಬ್ ಕೆಮ್ಮಿ ಕಲ್ಲನ್ನು ನೆನಪಿಸಿದ. ಬಾನುಬೀ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಂದೋ ಅಗಳಿ ಇದ್ದ ತೂತಿನಲ್ಲಿ ಅವಳ ಬೆರಳು ಆಡುತ್ತಿತ್ತು.

“ಒಂದು ಅಗಳಿ ಹಾಕಸ್ರಿ ಸಾಹೇಬ್ರ,” ಎಂದಳು. “ಒಳಗಿಂದ ಹಾಕೋವಂಥಾದ್ದು.”