ಗಂಗಾಳದ ಅಟ್ಟಿ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಒಂದರ ಮೇಲೊಂದು ಅಟ್ಟಿಯಾಗಿ ಕೂತ ಇಪ್ಪತ್ತು ಗಂಗಾಳಗಳನ್ನು ನೋಡಿದರೆ, ಮೋಟೆಬೆನ್ನೂರಿನ ಈ ಮುದುಕಿಗೆ ಹಳೇ ತಾಟುಗಳ ಮೇಲೆ ಇದೆಂಥ ವ್ಯಾಮೋಹವೆಂದು ನೀವು ನಕ್ಕೀರಿ. ನಗಿರಿ, ಈ ವಾರವೆಲ್ಲ ನಾನೂ ನಗುತ್ತಲೇ ಇದ್ದೇನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ನನಗೂ ಕಂಪ್ಯೂಟರಿಗೂ ನಂಟು ಬೆಳೆಸಿದ್ದು ಇವೇ.

ಮೊಮ್ಮಗಳು ವೀಣಾ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಹಾವೇರಿಗೆ ಹೋಗಿ ಇಂಜಿನಿಯರಿಂಗ್ ಓದುತ್ತಾಳೆ. ಬ್ಯಾಡಗಿ ಪ್ಯಾಟಿಗೆ ಬರುವ ಮೆಣಸಿನಕಾಯಿ ಚೀಲಗಳ ಗುರುತು ಹಿಡಿದಿಡುವ ಪ್ರೋಗ್ರಾಂ ಬರೆದಿದ್ದಳು. ಒಂದೊಂದು ಚೀಲಕ್ಕೂ ಯಂತ್ರದ ನೆನಪಿನಲ್ಲಿ ಜಾಗ ಬೇಡುವುದು, ಚೀಲ ಹೋದಮೇಲೆ ಮರಳಿಸುವುದು. ಈ ಬೇಡಾಟದಲ್ಲೇ ಹೊತ್ತು ಕಳೆದು ಯಂತ್ರ ತೂಕಡಿಸುತ್ತಿತ್ತಂತೆ. ಸೋಮವಾರ ಮಾಸ್ತರರ ಮುಂದೆಯೂ ತೂಕಡಿಸಿದರೆ ತಾನು ಫೇಲು ಎಂದು ಹುಡುಗಿ ಊಟ ಬಿಟ್ಟು ಕೂತಳು.

ನನಗೆ ಸೊಸೆಯಾಗಿ ಬಂದ ಹೊಸತು ನೆನಪಾಯಿತು. ಮೆಣಸಿನಕಾಯಿ ಬಿಡಿಸುವ ಆಳುಗಳು ಉಣ್ಣಲು ಬಂದಾಗ ಒಬ್ಬೊಬ್ಬರಿಗೂ ಒಂದೊಂದು ಗಂಗಾಳ ಕೇಳುತ್ತ ನೆರೆಯ ನೀಲವ್ವನ ಮನೆಗೆ ಓಡುತ್ತಿದ್ದೆ. ಅತ್ತೆ ನನ್ನನ್ನು ಬೈದು, ರಾಣೆಬೆನ್ನೂರಿನಿಂದ ಇಪ್ಪತ್ತು ಒಮ್ಮೆಗೇ ತರಿಸಿದರು. ಉಂಡವರದ್ದು ತೊಳೆದು ಅಟ್ಟಿಯ ಮೇಲಿಡು, ಬಂದವರಿಗೆ ಮೇಲಿನದ್ದೇ ಕೊಡು ಎಂದರು. ನಾನು ಇದನ್ನು ಹೇಳಿದ್ದೇ ವೀಣಾ ಕಣ್ಣರಳಿಸಿದಳು.

"ಮಾಸ್ತರು ಎರಡು ತಾಸು ಇದನ್ನ ಹೇಳಿದ್ರು ಅಜ್ಜಿ. ನನ್ನ ತಲಿಗೇ ಹೋಗಿದ್ದಿಲ್ಲ."

ದೊಡ್ಡ ಜಾಗವನ್ನು ಒಮ್ಮೆಗೇ ಪಡೆದು, ಚೀಲದ ಅಳತೆಗೆ ತುಂಡು ಮಾಡಿ, ಅಟ್ಟಿ ಹೂಡಿದಳು. ಪ್ರೋಗ್ರಾಂ ಕುದುರೆಯಂತೆ ಓಡಿ, ದಿಢೀರನೆ ಮುಗ್ಗರಿಸಿತು. ಪ್ರೋಗ್ರಾಮಿನೊಳಗೆ ಚೀಲವೆಂಬ ತಾಯಿಗೆ ಒಬ್ಬಳು ಮಗಳಿದ್ದಾಳಂತೆ: ಕಾಯಿಯ ಬಣ್ಣ, ತಳಿ ಎಲ್ಲ ಬರೆದುಕೊಂಡ ಇನ್ನೊಂದು ಬಗೆಯ ಚೀಲ. ಅಟ್ಟಿಯಿಂದಲೇ ಜಾಗ ಪಡೆಯುವ ತಾಯಿಯ ಕಟ್ಟಳೆ ಮಗಳಿಗೂ ತಾನಾಗಿ ಬರುವುದರಿಂದ, ಮೈದುಂಬಿದ ಆ ಮಗಳು ತಾಯಿಯ ಅಳತೆಯ ಜಾಗದಲ್ಲೇ ಕೂತು ಪಕ್ಕದವರನ್ನು ತುಳಿದಿದ್ದಳು.

ನನ್ನ ತಮ್ಮ ಬಸಣ್ಣನೂ ಹೀಗೇ ಗಂಗಾಳ ತುಂಬಿ ಸಾರು ಹರಿಸಿ, ಪಕ್ಕದವನ ಹೋಳಿಗೆ ತೋಯಿಸಿದ್ದ. ಅಂದಿನಿಂದ ಅವನು ಬಂದರೆ ಅತ್ತೆ ಅಟ್ಟಿ ಮುಟ್ಟದೆ, ನೀಲವ್ವನ ಮನೆಯಿಂದ ದೊಡ್ಡ ಅಗಲದ ತಾಟು, ಪರಾತ, ತರಿಸುತ್ತಿದ್ದರು.

"ಮೊದಲ ಅಳತಿ ನೋಡವ್ವಾ," ಅಂದೆ. "ಅಟ್ಟಿಗೆ ಹೊಂದದಾಕಿ ಹೊರಗ ಯಂತ್ರಕ್ಕ ಜಾಗ ಕೇಳ್ಕೊಳ್ಳಲಿ."

ವೀಣಾ ಹಾಗೇ ತಿದ್ದಿದಳು, ಪ್ರೋಗ್ರಾಂ ಮತ್ತೆ ಮುಗ್ಗರಿಸಲಿಲ್ಲ. ನನಗೋ ನನ್ನ ಮಾತೇ ತಾಗಿತು. ನಾವು ಎಷ್ಟು ಹೆಣ್ಣುಮಕ್ಕಳನ್ನು ತಾಯಿಯ ಅಳತೆಯಲ್ಲೇ ಅದುಮಿ ಕೂಡಿಸಿಲ್ಲ! ಸಾಲಿ ಬಿಟ್ಟ ದಿನ ನನ್ನ ಅಳತೆಯನ್ನೂ ಯಾರೂ ಕೇಳಿರಲಿಲ್ಲ.

ಸೋಮವಾರ ಸಂಜೆ ಬಸ್ಸಿಳಿದು ಬಂದ ವೀಣಾ, ಮುಖದ ತುಂಬ ನಗು ಹೊತ್ತು, ಪಾಸಾದೆ ಎಂದು ಹೇಳುತ್ತಲೇ ಅಟ್ಟಿಯ ಮೇಲಿನ ಗಂಗಾಳಕ್ಕೆ ಕೈಚಾಚಿದಳು. ನಾನು ಅದನ್ನು ಕಸಿದು ಮರಳಿ ಅಟ್ಟಿಗಿಟ್ಟು, ನೀಲವ್ವನ ಮನೆಯಿಂದ ತಂದಿಟ್ಟಿದ್ದ ಪರಾತವನ್ನೇ ಅವಳ ಮುಂದಿಟ್ಟು ಹೋಳಿಗೆ ಬಡಿಸಿದೆ.